ಒಂದೇ ಆಲೋಚನೆ, ಇಬ್ಬರು ಮನುಷ್ಯರು: ಹೊಸ ಉದ್ಯಮಕ್ಕೆ ಇಳಿಯಬೇಕಾದದ್ದು 44ರ ನೌಕರನೋ, 23ರ ನಿರುದ್ಯೋಗಿಯೋ?

ಪ್ರಶ್ನೆ – ಪೀಣ್ಯದ ಎಂಜಿನಿಯರ್

ಮಾನ್ಯರೇ,

ನನಗೆ ಈಗ 44 ವರ್ಷ. ಡಿಪ್ಲೊಮಾ ಮುಗಿಸಿದ ನಂತರದ ನನ್ನ ದುಡಿಮೆಯೆಲ್ಲ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲೇ ನಡೆದಿದೆ. ಸದ್ಯ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದ ಹೊಣೆ ನನ್ನ ಮೇಲಿದೆ. ಸಿಎನ್‌ಸಿ ಯಂತ್ರದ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಯಂತ್ರ) ತಿರುಗುವ ದಂಡಕ್ಕೆ ಆಸರೆಯಾದ ಸ್ಪಿಂಡಲ್ ಬೇರಿಂಗ್ ಪೂರ್ತಿ ಕೆಡುವ ಮೊದಲೇ ಯಂತ್ರದ ಕಂಪನದಲ್ಲಿಯೂ ಮೋಟಾರು ಎಳೆಯುವ ಕರೆಂಟಿನಲ್ಲಿಯೂ ವ್ಯತ್ಯಾಸ ಕಾಣಿಸುತ್ತದೆ. ದೊಡ್ಡ ಕಾರ್ಖಾನೆಗಳು ಇದನ್ನು ಅಳೆಯುವ ವ್ಯವಸ್ಥೆ ಮಾಡಿಕೊಂಡಿವೆ. ಎರಡು ಮೂರು ಹಳೆಯ ಯಂತ್ರಗಳನ್ನಿಟ್ಟುಕೊಂಡು ಜಾಬ್‌ವರ್ಕ್ ಮಾಡುವ ಸಣ್ಣ ಶೆಡ್‌ಗಳ ಮಾಲೀಕರಿಗೆ ಅದರ ಬೆಲೆ ಎಟುಕುವುದಿಲ್ಲ. ಬೇರಿಂಗ್ ಹೋದ ದಿನ ಅವರ ಆರ್ಡರೂ ಕೈತಪ್ಪುತ್ತದೆ. ಆಯಸ್ಕಾಂತದಿಂದ ಯಂತ್ರಕ್ಕೆ ಅಂಟಿಸಬಹುದಾದ, ಅಪಾಯದ ಸೂಚನೆಯನ್ನು ಮಾಲೀಕರ ಮೊಬೈಲಿಗೆ ಕನ್ನಡದಲ್ಲೇ ಕಳಿಸುವ ಅಗ್ಗದ ಸಾಧನವೊಂದನ್ನು ತಯಾರಿಸಿ ಮಾರಬೇಕೆಂಬುದು ನನ್ನ ಬಹುಕಾಲದ ಆಲೋಚನೆ.

ನನ್ನ ಅಣ್ಣನ ಮಗನಿಗೆ 23 ವರ್ಷ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿದ್ದಾನೆ, ಇನ್ನೂ ಕೆಲಸ ಸಿಕ್ಕಿಲ್ಲ. ನಾನು ವಿವರಿಸಿದ್ದನ್ನು ಕೇಳಿಕೊಂಡು ಸಾಧನದ ಮೊದಲ ಮಾದರಿಯನ್ನು ಕಟ್ಟಿದವನು ಅವನೇ. ಈಗ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಹುಡುಗನಿಗೆ ಕಳೆದುಕೊಳ್ಳುವುದೇನೂ ಇಲ್ಲವಾದ್ದರಿಂದ ಅವನೇ ಉದ್ಯಮ ಆರಂಭಿಸಲಿ, ನೀವು ಈ ವಯಸ್ಸಿನಲ್ಲಿ ಸಂಬಳ ಬಿಡಬೇಡಿ ಎನ್ನುವುದು ನನ್ನ ಹೆಂಡತಿಯ ಮಾತು. ಕೆಲಸ ಬಲ್ಲವನು ನೀನು, ನೀನೇ ಮುಂದೆ ನಿಲ್ಲು, ನನ್ನ ಮಗ ಮೊದಲು ಎಲ್ಲಾದರೂ ನೌಕರಿ ಹಿಡಿಯಲಿ ಎನ್ನುವುದು ಅಣ್ಣನ ಮಾತು. ಮನೆ ಸಾಲದ ಕಂತುಗಳು ಇನ್ನೂ ಬಾಕಿ ಇವೆ. ಬೇರೆ ವ್ಯವಹಾರ ನಡೆಸಬಾರದೆಂದು ನನ್ನ ನೇಮಕಾತಿ ಪತ್ರದಲ್ಲಿ ಬರೆದಿದೆ.

ಹೊಸತನವಿರುವ ಉದ್ಯಮವನ್ನು ಆರಂಭಿಸುವ ನಿರ್ಧಾರದಲ್ಲಿ ವಯಸ್ಸಿನ ಪಾತ್ರವೆಷ್ಟು, ಕೈಯಲ್ಲಿ ನೌಕರಿ ಇರುವುದರ ಅಥವಾ ಇಲ್ಲದಿರುವುದರ ಪಾತ್ರವೆಷ್ಟು? ಅನುಭವ ಇದ್ದವರೂ ಅಧ್ಯಯನ ಮಾಡಿದವರೂ ದಯವಿಟ್ಟು ತಿಳಿಸಬೇಕು.

ಉತ್ತರ – ಅರ್ಥಶಾಸ್ತ್ರ ಅಧ್ಯಾಪಕ, ಧಾರವಾಡ

ನಿಮ್ಮ ಮನೆಯವರೂ ಅಣ್ಣನವರೂ ಪರಸ್ಪರ ವಿರುದ್ಧವಾಗಿ ಮಾತಾಡುತ್ತಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ಯಾರು ಉದ್ಯಮಕ್ಕೆ ಇಳಿಯುತ್ತಾರೆ ಎಂಬುದು ಒಂದು ಪ್ರಶ್ನೆ, ಇಳಿದವರಲ್ಲಿ ಯಾರು ಅದನ್ನು ಬೆಳೆಸುತ್ತಾರೆ ಎಂಬುದು ಇನ್ನೊಂದು. ಇವೆರಡಕ್ಕೂ ಉತ್ತರ ಬೇರೆ ಬೇರೆಯಾಗಿದೆ.

ಮೊದಲನೆಯದನ್ನು ನೋಡೋಣ. 1999ರಿಂದ ಹಲವು ದೇಶಗಳಲ್ಲಿ ನಡೆಯುತ್ತಿರುವ ಗ್ಲೋಬಲ್ ಆಂತ್ರಪ್ರನರ್‌ಶಿಪ್ ಮಾನಿಟರ್ ಸಮೀಕ್ಷೆಯಲ್ಲಿ ಹೊಸದಾಗಿ ಉದ್ಯಮ ಆರಂಭಿಸುವವರ ಪ್ರಮಾಣ ಸಾಮಾನ್ಯವಾಗಿ 25ರಿಂದ 44ರ ವಯಸ್ಸಿನ ನಡುವೆ ಹೆಚ್ಚಾಗಿದ್ದು, ಅನಂತರ ಇಳಿಯುತ್ತದೆ. ಈ ಇಳಿಕೆಗೆ ಸಂಶೋಧಕರಾದ ಮೊರೆನ್ ಲೆವೆಕ್ ಮತ್ತು ಮರಿಯಾ ಮಿನ್ನಿಟಿ ಅವರು 2006ರಲ್ಲಿ ಕೊಟ್ಟ ವಿವರಣೆ ಸರಳವಾಗಿದೆ. ಸಂಬಳ ತಿಂಗಳ ಕೊನೆಗೆ ಕೈಗೆ ಬರುತ್ತದೆ. ಉದ್ಯಮದ ಫಲ ಬರುವುದು ವರ್ಷಗಳ ನಂತರ, ಅದೂ ಬಂದರೆ. ಮುಂದಿರುವ ದುಡಿಮೆಯ ಕಾಲ ಕಡಿಮೆಯಾದಷ್ಟೂ ಕಾದು ಪಡೆಯುವ ಫಲಕ್ಕೆ ಬೆಲೆ ತಗ್ಗುತ್ತದೆ, ಆದ್ದರಿಂದ ಮನುಷ್ಯ ಸಂಬಳದ ಕಡೆಗೆ ವಾಲುತ್ತಾನೆ. ಧೈರ್ಯ ಕುಂದುತ್ತದೆಂದು ನಾವು ಭಾವಿಸುವ ಜಾಗದಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಕಾಲದ ಲೆಕ್ಕಾಚಾರ.

ಎರಡನೆಯ ಪ್ರಶ್ನೆಗೆ ಬಂದರೆ ಚಿತ್ರ ತಿರುಗುತ್ತದೆ. ಪಿಯರ್ ಅಝೂಲೆ ಮತ್ತು ಅವರ ಮೂವರು ಸಹಲೇಖಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದಲ್ಲಿ 2007ರಿಂದ 2014ರ ನಡುವೆ ಉದ್ಯಮ ಆರಂಭಿಸಿ ಕನಿಷ್ಠ ಒಬ್ಬರನ್ನಾದರೂ ನೇಮಿಸಿಕೊಂಡ ಸುಮಾರು 27 ಲಕ್ಷ ಮಂದಿಯ ಸರಾಸರಿ ವಯಸ್ಸು ಸುಮಾರು 42 ಇತ್ತು. ಅವರು ಕಟ್ಟಿದ ಸಂಸ್ಥೆಗಳಲ್ಲಿ ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದರಂಥವುಗಳ ಸ್ಥಾಪಕರ ಸರಾಸರಿ ವಯಸ್ಸು 45. ಅದೇ ಕ್ಷೇತ್ರದಲ್ಲಿ ಮೊದಲು ದುಡಿದಿದ್ದವರಿಗೆ ಗೆಲುವಿನ ಸಾಧ್ಯತೆ ಗಣನೀಯವಾಗಿ ಹೆಚ್ಚಿತ್ತು. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆಯವರು ಇದಕ್ಕೆ ನಮ್ಮ ಕಡೆಯ ಉದಾಹರಣೆ. ಡೇಟಾ ಸಂವಹನ ಉಪಕರಣಗಳ ಕಂಪನಿಯಾಗಿದ್ದ ಕೋಡೆಕ್ಸ್‌ನಲ್ಲಿ ನೌಕರಿ ಮಾಡಿ, ಆ ಕ್ಷೇತ್ರದ ಒಳಹೊರಗುಗಳನ್ನೆಲ್ಲ ಅರಿತ ಮೇಲೆ ಅವರು 1990ರಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಕಟ್ಟಿದಾಗ ನಲವತ್ತರ ಹೊಸ್ತಿಲಲ್ಲಿದ್ದರು. 1998ರಲ್ಲಿ ಸೈಕಾಮೋರ್ ನೆಟ್‌ವರ್ಕ್ಸ್ ಆರಂಭಿಸಿದಾಗ ಅವರಿಗೆ 47.

ನೌಕರಿಯ ಪಾತ್ರವೂ ಹೀಗೆಯೇ ಎರಡು ಮುಖಗಳದ್ದು. ನಿರುದ್ಯೋಗಿಗಳೂ ಕಡಿಮೆ ಸಂಬಳದವರೂ ಸ್ವಂತ ಉದ್ಯೋಗಕ್ಕೆ ಇಳಿಯುವ ಸಂಭವ ಹೆಚ್ಚೆಂದು ಇವಾನ್ಸ್ ಮತ್ತು ಲೈಟನ್ ಅವರು ಅಮೆರಿಕದ ದತ್ತಾಂಶದಿಂದ 1989ರಲ್ಲೇ ತೋರಿಸಿದ್ದರು. ಬಿಟ್ಟುಕೊಡಬೇಕಾದ ಸಂಬಳ ಇಲ್ಲದಿದ್ದರೆ ಹೆಜ್ಜೆ ಹಗುರವಾಗುತ್ತದೆ. ಆದರೆ ಅನಿವಾರ್ಯತೆಯಿಂದ ತೆರೆದ ಉದ್ಯಮಗಳು ಹೆಚ್ಚಾಗಿ ಕಿರಾಣಿ, ಟೈಲರಿಂಗ್, ಮೊಬೈಲ್ ರಿಪೇರಿಯಂಥ ಕಂಡು ತಿಳಿದ ದಾರಿಗಳಲ್ಲೇ ಸಾಗುತ್ತವೆ. ಹೊಸತನಕ್ಕೆ ಬೇಕಾದದ್ದು ಒಂದು ಕಸುಬಿನಲ್ಲಿ ಎಲ್ಲಿ ಕೊರತೆಯಿದೆ ಎಂಬ ಅರಿವು, ಮತ್ತು ಆ ಅರಿವು ಹುಟ್ಟುವುದು ಬಹುಮಟ್ಟಿಗೆ ಕೆಲಸದ ಜಾಗದಲ್ಲಿ. ಸ್ಪಿಂಡಲ್ ಬೇರಿಂಗಿನ ಸಮಸ್ಯೆ ಕಂಡದ್ದು ನಿಮಗೆ. ಪದವಿ ಮುಗಿಸಿ ಮನೆಯಲ್ಲಿದ್ದ ಹುಡುಗನಿಗೆ ಅದು ತಾನಾಗಿ ಕಾಣುತ್ತಿರಲಿಲ್ಲ. ಹಾಗಾಗಿ ನನ್ನ ಒಲವು ಅಣ್ಣನವರ ಮಾತಿನ ಕಡೆಗೆ.

ಉತ್ತರ – ರೊಟ್ಟಿ ಯಂತ್ರ ತಯಾರಕ, ಹುಬ್ಬಳ್ಳಿ

ಧಾರವಾಡದ ಗುರುಗಳ ಮಾತನ್ನು ಗೌರವದಿಂದಲೇ ಓದಿದೆ, ಆದರೂ ಒಪ್ಪಲು ಕಷ್ಟವಾಗುತ್ತಿದೆ. ಆ 45ರ ಸರಾಸರಿಯಲ್ಲಿ ಸೇರಿರುವವರು ಉದ್ಯಮಕ್ಕೆ ಇಳಿದವರು ಮಾತ್ರ. ಆ ವಯಸ್ಸಿನಲ್ಲಿ ಇಳಿಯುವವರು ಯಾರು? ಕೈಯಲ್ಲಿ ಉಳಿತಾಯ ಇದ್ದವರು, ಗಿರಾಕಿಗಳ ಪರಿಚಯ ಇದ್ದವರು, ಗೆಲ್ಲುತ್ತೇವೆಂದು ಬಹುಪಾಲು ಖಚಿತವಾದವರು. ಅದೇ ವಯಸ್ಸಿನ ಉಳಿದ ಸಾವಿರಾರು ಮಂದಿ ಒಳ್ಳೆಯ ಆಲೋಚನೆಯನ್ನು ಎದೆಯಲ್ಲಿಟ್ಟುಕೊಂಡೇ ನಿವೃತ್ತರಾಗುತ್ತಾರೆ. ಅವರು ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. ಜರಡಿ ಹಿಡಿದ ಮೇಲೆ ಉಳಿದ ಕಾಳನ್ನಷ್ಟೇ ಎಣಿಸಿ ಬೆಳೆ ಚೆನ್ನಾಗಿದೆ ಎಂದ ಹಾಗಾಗುತ್ತದೆ.

ನಾನು ಉದ್ಯಮ ಆರಂಭಿಸಿದ್ದು ಕೆಲಸವಿಲ್ಲದ ಇಪ್ಪತ್ತೈದರ ವಯಸ್ಸಿನಲ್ಲಿ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಜಿಗುಟು ಇರುವುದಿಲ್ಲ, ಆದ್ದರಿಂದ ಚಪಾತಿ ಯಂತ್ರದಲ್ಲಿ ಒತ್ತಿದರೆ ರೊಟ್ಟಿಯ ಅಂಚು ಒಡೆಯುತ್ತದೆ. ಕುದಿಯುವ ನೀರು ಹಾಕಿ ನಾದಿದ ಹಿಟ್ಟು ಎಷ್ಟು ಹೊತ್ತು ಹದದಲ್ಲಿರುತ್ತದೆ, ಆರಿದ ಮೇಲೆ ಹೇಗೆ ಬಿರುಕು ಬಿಡುತ್ತದೆ ಎಂಬುದನ್ನು ನಾನು ಕಲಿತದ್ದು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದ ಸ್ವಸಹಾಯ ಸಂಘದ ತಾಯಂದಿರ ಹತ್ತಿರ ದಿನಗಟ್ಟಲೆ ಕುಳಿತು. ನೌಕರಿ ಇದ್ದಿದ್ದರೆ ಹಾಗೆ ಕುಳಿತುಕೊಳ್ಳಲು ನನಗೆ ಬಿಡುವು ಎಲ್ಲಿತ್ತು? ಒತ್ತುವ ತಟ್ಟೆಗಳ ವೇಗವನ್ನೂ ಬಿಸಿಯನ್ನೂ ಬದಲಿಸಿ ಯಂತ್ರ ಹದಕ್ಕೆ ಬಂದದ್ದು ಆ ಬಿಡುವಿನಿಂದಲೇ. ನಿರುದ್ಯೋಗದಿಂದ ಹುಟ್ಟಿದ್ದೆಲ್ಲ ನಕಲು ಎಂಬ ಮಾತು ನನ್ನ ಮನಸ್ಸಿಗೆ ನಾಟುವುದಿಲ್ಲ.

ದೊಡ್ಡವರ ಉದಾಹರಣೆಯೇ ಬೇಕಿದ್ದರೆ ಕಿರಣ್ ಮಜುಂದಾರ್ ಶಾ ಅವರನ್ನು ನೋಡಿ. ಆಸ್ಟ್ರೇಲಿಯಾದ ಬ್ಯಾಲರಟ್‌ನಲ್ಲಿ ಬಿಯರ್ ತಯಾರಿಕೆಯ ಶಿಕ್ಷಣ ಪಡೆದು ಬಂದ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಇಲ್ಲಿಯ ಬಿಯರ್ ಕಾರ್ಖಾನೆಗಳಲ್ಲಿ ತಯಾರಿಕೆಯ ಮುಖ್ಯಸ್ಥರ ಹುದ್ದೆ ಸಿಗಲಿಲ್ಲ. 1978ರಲ್ಲಿ, 25ನೆಯ ವಯಸ್ಸಿನಲ್ಲಿ, ಐರ್ಲೆಂಡಿನ ಕಂಪನಿಯೊಂದರ ಸಹಯೋಗದಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಆರಂಭಿಸಿ, ಪರಂಗಿ ಹಣ್ಣಿನಿಂದ ಪಪೇನ್ ಎಂಬ ಕಿಣ್ವ ತೆಗೆದರು. ಹುದುಗಿಸುವ ವಿದ್ಯೆ ಅವರಲ್ಲಿ ಆಳವಾಗಿತ್ತು, ಅದಕ್ಕೆ ತಕ್ಕ ನೌಕರಿ ಮಾತ್ರ ಸಿಕ್ಕಿರಲಿಲ್ಲ. ಅರಿವು ಬೇಕೆಂಬ ಗುರುಗಳ ಮಾತು ಸರಿ; ಅದು ಸಂಬಳದ ಚೀಟಿಯ ಜೊತೆಗೇ ಬರಬೇಕೆಂದೇನೂ ಇಲ್ಲ.

ಆದರೆ ಎಂಜಿನಿಯರ್ ಅವರೇ, ಒಂದು ವಿಷಯದಲ್ಲಿ ವಯಸ್ಸು ನನ್ನನ್ನು ಬಹಳ ಕಾಡಿತು. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಸಂಬಳದ ದಾಖಲೆ ಕೇಳಿದರು, ಅದಿಲ್ಲವೆಂದಾಗ ಅಪ್ಪನ ಹೆಸರಿನ ಪಹಣಿ ಕೇಳಿದರು. ಯಂತ್ರ ನೋಡಲು ಬಂದ ಗಿರಾಕಿಗಳು ನನ್ನ ಮುಖ ನೋಡಿ, ನಾಳೆ ಕೆಟ್ಟರೆ ಯಾರನ್ನು ಕೇಳಬೇಕು, ನಿಮ್ಮ ಹಿಂದೆ ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದರು. ಪೀಣ್ಯದ ಶೆಡ್ ಮಾಲೀಕರೂ ನಿಮ್ಮ ಅಣ್ಣನ ಮಗನನ್ನು ಇದನ್ನೇ ಕೇಳುತ್ತಾರೆ, ಆಗ ಅವನ ಪಕ್ಕದಲ್ಲಿ ಚಿಕ್ಕಪ್ಪ ನಿಂತಿರಬೇಕು. ಮಾದರಿ ಸುಧಾರಿಸುವ, ಶೆಡ್ಡಿನಿಂದ ಶೆಡ್ಡಿಗೆ ತಿರುಗುವ, ರಾತ್ರಿ ಕೂತು ಸರ್ಕ್ಯೂಟ್ ಬದಲಿಸುವ ಕೆಲಸಕ್ಕೆ ಮಾತ್ರ ಹುಡುಗನೇ ಸರಿ. ಅವನನ್ನು ಈಗ ಯಾವುದೋ ನೌಕರಿಗೆ ಕಳಿಸಿದರೆ ಆ ಸಮಯ ಮತ್ತೆ ಅವನ ಕೈಗೆ ಬರುವುದು ಸುಲಭವಲ್ಲ.

ಉತ್ತರ – ವಕೀಲೆ, ಬೆಂಗಳೂರು

ನೇಮಕಾತಿ ಪತ್ರದ ಬಗ್ಗೆ ಮಾತ್ರ ಬರೆಯುತ್ತೇನೆ.

ನೌಕರಿಯಲ್ಲಿರುವಷ್ಟು ಕಾಲ ಬೇರೆ ವ್ಯವಹಾರ ನಡೆಸಬಾರದೆಂಬ ಷರತ್ತು ನಿಮಗೆ ಅನ್ವಯಿಸುತ್ತದೆ. 2022ರಲ್ಲಿ ಐಟಿ ವಲಯದಲ್ಲಿ ಇದೇ ವಿಷಯ ದೊಡ್ಡ ಚರ್ಚೆಯಾಗಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ ಸುಮಾರು 300 ಮಂದಿಯನ್ನು ವಿಪ್ರೊ ಕೆಲಸದಿಂದ ತೆಗೆದದ್ದೂ, ಮುಂಚಿತವಾಗಿ ಒಪ್ಪಿಗೆ ಪಡೆದವರಿಗೆ ಬಿಡಿ ಕೆಲಸಗಳನ್ನು ಮಾಡಲು ಇನ್ಫೋಸಿಸ್ ಅವಕಾಶ ಕೊಟ್ಟದ್ದೂ ನಿಮಗೆ ನೆನಪಿರಬಹುದು. ನೌಕರಿ ಬಿಟ್ಟ ನಂತರದ ಸ್ಥಿತಿ ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮಿನಂತೆ, ರಾಜೀನಾಮೆಯ ಮೇಲೂ ಅದೇ ಕ್ಷೇತ್ರದಲ್ಲಿ ದುಡಿಯಬಾರದೆಂಬ ಷರತ್ತು ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಕಂಪನಿಯ ಗೋಪ್ಯ ಮಾಹಿತಿಯನ್ನು ಬಳಸಬಾರದೆಂಬ ಕಟ್ಟುಪಾಡು ಮಾತ್ರ ಉಳಿಯುತ್ತದೆ.

ನಿಮ್ಮ ಪ್ರಕರಣದಲ್ಲಿ ನನ್ನನ್ನು ಚಿಂತೆಗೆ ಹಚ್ಚುವುದು ಆವಿಷ್ಕಾರದ ಒಡೆತನ. ನೌಕರರು ಕಂಡುಹಿಡಿದದ್ದು ಯಾರಿಗೆ ಸೇರಬೇಕೆಂಬುದಕ್ಕೆ ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಪ್ರತ್ಯೇಕ ನಿಯಮವಿಲ್ಲ, ಆದ್ದರಿಂದ ನೇಮಕಾತಿ ಪತ್ರದ ಪದಗಳೇ ನಿರ್ಣಾಯಕವಾಗುತ್ತವೆ. ನಿಮ್ಮ ಕೆಲಸವೇ ಯಂತ್ರಗಳ ಮೆಂಟೆನೆನ್ಸ್, ಸಾಧನವೂ ಅದಕ್ಕೇ ಸಂಬಂಧಿಸಿದ್ದು. ಕಾರ್ಖಾನೆಯ ಯಂತ್ರಗಳ ಮೇಲೆ ಅದನ್ನು ಪರೀಕ್ಷಿಸಿದ್ದರೆ, ಅಲ್ಲಿಯ ಬ್ರೇಕ್‌ಡೌನ್ ದಾಖಲೆಗಳನ್ನು ಬಳಸಿದ್ದರೆ, ಕಂಪನಿ ಹಕ್ಕು ಕೇಳಲು ದಾರಿ ತೆರೆದಂತಾಗುತ್ತದೆ. ಉದ್ಯಮವನ್ನು ಅಣ್ಣನ ಮಗನ ಹೆಸರಿನಲ್ಲಿ ನೋಂದಾಯಿಸಿ ನೀವು ಹಿಂದೆ ನಿಂತು ನಡೆಸಿದರೆ ಈ ತೊಡಕು ಬಿಡುವುದಿಲ್ಲ, ಬದಲಿಗೆ ಅವನ ತಲೆಯ ಮೇಲೂ ಬರುತ್ತದೆ. ಪರೀಕ್ಷೆಗಳನ್ನು ಹೊರಗಿನ ಶೆಡ್‌ಗಳಲ್ಲಿ, ಮಾಲೀಕರ ಲಿಖಿತ ಒಪ್ಪಿಗೆ ಪಡೆದು ನಡೆಸಿ, ಯಾವ ದಿನ ಯಾರು ಏನು ಮಾಡಿದರೆಂಬುದನ್ನು ಬರೆದಿಡಿ. ನಿಮ್ಮ ಕಂಪನಿಯಿಂದಲೂ ಅನುಮತಿಯನ್ನು ಬರಹದಲ್ಲೇ ಕೇಳಿ. ಅವರು ಒಪ್ಪಿದರೆ ಅದಕ್ಕಿಂತ ಗಟ್ಟಿಯಾದ ನೆಲ ಇನ್ನೊಂದಿಲ್ಲ.

ಉತ್ತರ – ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಇಲ್ಲಿಯ ಚರ್ಚೆಯೆಲ್ಲ ಒಬ್ಬೊಬ್ಬರ ವಯಸ್ಸು, ಒಬ್ಬೊಬ್ಬರ ನೌಕರಿಯ ಸುತ್ತ ನಡೆಯುತ್ತಿದೆ. ನನ್ನ ವೃತ್ತಿಯಲ್ಲಿ ಕಂಡದ್ದರಿಂದ ಹೇಳುವುದಾದರೆ, ಉದ್ಯಮಕ್ಕೆ ಇಳಿಯುವ ನಿರ್ಧಾರ ತೆಗೆದುಕೊಳ್ಳುವುದು ಮನೆ. ಆದ್ದರಿಂದ ಕೇಳಬೇಕಾದದ್ದು ಮನೆಯಲ್ಲಿ ಮತ್ತೊಂದು ಸಂಬಳ ಬರುತ್ತಿದೆಯೇ ಎಂದು.

1981ರಲ್ಲಿ ಇನ್ಫೋಸಿಸ್ ಆರಂಭವಾದಾಗ ನಾರಾಯಣ ಮೂರ್ತಿಯವರಿಗೆ ಸುಮಾರು 35, ನಂದನ್ ನಿಲೇಕಣಿಯವರಿಗೆ 26. ಸ್ಥಾಪಕರೆಲ್ಲರೂ ಪಟ್ನಿ ಕಂಪ್ಯೂಟರ್ಸ್‌ನ ನೌಕರಿಯಿಂದ ಬಂದವರು. ಮೂರ್ತಿಯವರು ಅದಕ್ಕೂ ಮೊದಲು ಸಾಫ್ಟ್ರಾನಿಕ್ಸ್ ಎಂಬ ಸಂಸ್ಥೆ ಆರಂಭಿಸಿ, ಅದು ನಡೆಯದೆ ಮತ್ತೆ ನೌಕರಿಗೆ ಸೇರಿದ್ದರು. ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟ 10,000 ರೂಪಾಯಿಯ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡದು ಆ ಕಾಲದಲ್ಲಿ ಮನೆ ನಡೆಸಿದ ಅವರ ಸಂಬಳ ಎಂದೇ ನಾನು ತಿಳಿದಿದ್ದೇನೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ನನ್ನ ಪತಿ ನಲವತ್ತು ದಾಟಿದ ಮೇಲೆ ನೌಕರಿ ಬಿಟ್ಟು ಸ್ವಂತ ಪ್ರಯೋಗಾಲಯ ತೆರೆದಾಗ ಮಕ್ಕಳ ಶಾಲೆಯ ಶುಲ್ಕವನ್ನೂ ಮನೆ ಸಾಲದ ಕಂತನ್ನೂ ಕಟ್ಟಿದ್ದು ನನ್ನ ಬ್ಯಾಂಕಿನ ಸಂಬಳ. ಅವರ ಉದ್ಯಮದ ಮೊದಲ ಹೂಡಿಕೆ ಅದೇ, ಆದರೆ ಯಾವ ಲೆಕ್ಕಪತ್ರದಲ್ಲಿಯೂ ಅದು ಕಾಣಿಸುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ಹೇಳದೆ ಇರಲಾರೆ. ಹೆಂಡತಿಯ ಸಂಬಳದ ಆಸರೆಯಲ್ಲಿ ಗಂಡ ಉದ್ಯಮ ಆರಂಭಿಸಿದ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಗಂಡನ ಸಂಬಳದ ಆಸರೆಯಲ್ಲಿ ಹೆಂಡತಿ ಹೊಸದೊಂದನ್ನು ಕಟ್ಟಲಿ ಎಂದು ಮನಃಪೂರ್ವಕವಾಗಿ ಹೇಳಿದ ಮನೆಗಳು ಕಡಿಮೆ. ಉಪ್ಪಿನಕಾಯಿ, ಬ್ಯೂಟಿ ಪಾರ್ಲರ್ ಎಂದರೆ ಒಪ್ಪುತ್ತಾರೆ, ತಂತ್ರಜ್ಞಾನ ಎಂದರೆ ಮಕ್ಕಳು ದೊಡ್ಡವರಾಗಲಿ ಎನ್ನುತ್ತಾರೆ. ಫಾಲ್ಗುನಿ ನಾಯರ್ ಅವರು ಹೂಡಿಕೆ ಬ್ಯಾಂಕಿನ ದೊಡ್ಡ ಹುದ್ದೆ ಬಿಟ್ಟು 2012ರಲ್ಲಿ ಸೌಂದರ್ಯ ಸಾಧನಗಳನ್ನು ಅಂತರ್ಜಾಲದಲ್ಲಿ ಮಾರುವ ನೈಕಾ ಆರಂಭಿಸಿದಾಗ ಐವತ್ತರ ಸಮೀಪದಲ್ಲಿದ್ದರು. ಹೆಣ್ಣುಮಕ್ಕಳ ಮಟ್ಟಿಗೆ ವಯಸ್ಸೆಂದರೆ ಮನೆಯ ಹೊಣೆ ಇಳಿಯುವ ಕಾಲ ಎಂದೇ ಅರ್ಥ.

ಎಂಜಿನಿಯರ್ ಅವರೇ, ನಿಮ್ಮ ಹೆಂಡತಿ ದುಡಿಯುತ್ತಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ಅವರು ಬೇಡವೆನ್ನುತ್ತಿರುವುದು ಭಯದಿಂದಲೋ, ಮನೆಯ ಲೆಕ್ಕ ಬಲ್ಲವರಾಗಿರುವುದರಿಂದಲೋ ಎಂಬುದನ್ನು ಅವರ ಜೊತೆ ಕೂತು ಕೇಳಿ. ಕಂಪನಿಯ ಗುಂಪು ಆರೋಗ್ಯ ವಿಮೆ ನೌಕರಿಯೊಂದಿಗೇ ಹೋಗುತ್ತದೆ, ಆದ್ದರಿಂದ ರಾಜೀನಾಮೆಗೆ ಮೊದಲೇ ಕುಟುಂಬಕ್ಕೆ ಬೇರೆ ಪಾಲಿಸಿ ಮಾಡಿಸಿ.

ಮರು ಉತ್ತರ – ಅರ್ಥಶಾಸ್ತ್ರ ಅಧ್ಯಾಪಕ, ಧಾರವಾಡ

ಹುಬ್ಬಳ್ಳಿಯವರ ಆಕ್ಷೇಪಣೆಗೆ ತೂಕವಿದೆ. ಇಳಿದವರ ಸರಾಸರಿಯಿಂದ ಇಳಿಯದವರಿಗೆ ಸಲಹೆ ಕೊಡುವಾಗ ಎಚ್ಚರ ಬೇಕು. ಆದರೆ ಅವರು ಹೇಳಿದ ಇಳಿಯದ ಸಾವಿರಾರು ಮಂದಿಯನ್ನು ತಡೆಯುತ್ತಿರುವುದು ಏನು? ಸೋತರೆ ಹಿಂದಿರುಗಲು ದಾರಿ ಇಲ್ಲವೆಂಬ ಭಯವೇ ಮುಖ್ಯವೆಂದು ನನಗೆ ತೋರುತ್ತದೆ, ಇದಕ್ಕೆ ಆಧಾರವೂ ಇದೆ. ಉದ್ಯಮ ಆರಂಭಿಸಿ ಸೋತರೂ ನಿರುದ್ಯೋಗ ಭತ್ಯೆಯ ಹಕ್ಕು ಉಳಿಯುವಂತೆ ಫ್ರಾನ್ಸ್ 2002ರಲ್ಲಿ ನಿಯಮ ಬದಲಿಸಿತು. ಹೊಸ ಸಂಸ್ಥೆಗಳ ಸಂಖ್ಯೆ ಗಮನಾರ್ಹವಾಗಿ ಏರಿತು, ಅವುಗಳ ಗುಣಮಟ್ಟ ಕುಸಿಯಲಿಲ್ಲ. ಸ್ವಂತ ಉದ್ಯಮ ಪ್ರಯತ್ನಿಸಲು ಆರು ತಿಂಗಳವರೆಗೆ ರಜೆ ಪಡೆದು ಮತ್ತೆ ಅದೇ ನೌಕರಿಗೆ ಮರಳುವ ಹಕ್ಕು ಸ್ವೀಡನ್ನಿನ ನೌಕರರಿಗೆ 1998ರಿಂದ ಇದೆ. ನಮ್ಮಲ್ಲಿ ಅಂಥ ಹಕ್ಕಿಲ್ಲ. 23ರ ಹುಡುಗ ಎರಡು ವರ್ಷ ಪ್ರಯತ್ನಿಸಿ ಸೋತರೂ ಹೊಸಬನೆಂದೇ ಕೆಲಸ ಪಡೆಯಬಲ್ಲ. 46ರಲ್ಲಿ ನೌಕರಿ ಹುಡುಕುವವರ ಕಷ್ಟ ಎಲ್ಲರಿಗೂ ಗೊತ್ತಿದೆ. ಹಾಗಾಗಿ ನಮ್ಮ ದೇಶದಲ್ಲಿ ವಯಸ್ಸಿನ ಭಾರ ಹೆಚ್ಚಾಗಿ ಬೀಳುವುದು ಈ ಮರಳುವ ದಾರಿಯ ಮೇಲೆ ಎಂದು ನಾನು ನಂಬುತ್ತೇನೆ.

ನೌಕರಿ ಇಟ್ಟುಕೊಂಡೇ ಉದ್ಯಮವನ್ನು ಪರೀಕ್ಷಿಸಿ, ಅನಂತರ ಪೂರ್ಣಾವಧಿಗೆ ಬಂದವರ ಸಂಸ್ಥೆಗಳು ಮುಚ್ಚುವ ಸಂಭವ ಒಮ್ಮೆಗೇ ನೌಕರಿ ಬಿಟ್ಟವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಎಂದು ಜೋಸೆಫ್ ರಾಫಿ ಮತ್ತು ಜೀ ಫೆಂಗ್ ಅವರು 2014ರಲ್ಲಿ ಅಮೆರಿಕದ ದತ್ತಾಂಶದಿಂದ ಕಂಡುಕೊಂಡರು. ವಕೀಲರು ಹೇಳಿದಂತೆ ಲಿಖಿತ ಅನುಮತಿ ಸಿಕ್ಕರೆ ನಿಮಗೂ ಈ ದಾರಿ ತೆರೆಯುತ್ತದೆ. ಹುಡುಗನಿಗೆ ಬೇರೆ ನೆರವುಗಳಿವೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ನಿಧಿ’ ಎಂಬ ಹೆಸರಿನ ಯೋಜನೆಯಡಿ, ಉದ್ಯಮದಲ್ಲಿ ಪೂರ್ಣಾವಧಿ ತೊಡಗುವವರಿಗೆ ಹೊಸ ಉದ್ಯಮಗಳನ್ನು ಪೋಷಿಸುವ ಇನ್‌ಕ್ಯುಬೇಷನ್ ಕೇಂದ್ರಗಳ ಮೂಲಕ ತಿಂಗಳಿಗೆ 30,000 ರೂಪಾಯಿಯವರೆಗೆ ಫೆಲೋಶಿಪ್ ಇದೆ. ಮಾದರಿ ತಯಾರಿಕೆಗೆ ಅದೇ ಯೋಜನೆಯ ಪ್ರಯಾಸ್ ವಿಭಾಗದಲ್ಲಿ 10 ಲಕ್ಷದವರೆಗೆ ಅನುದಾನ ಉಂಟು. ಫೆಲೋಶಿಪ್‌ಗೆ ನೌಕರಿಯಲ್ಲಿರುವ ನೀವು ಹೊಂದುವುದಿಲ್ಲ, ಅವನು ಹೊಂದುತ್ತಾನೆ. ಅವನ ನಿರುದ್ಯೋಗವೇ ಇಲ್ಲಿ ಅರ್ಹತೆಯಾಗಿದೆ.

ಪ್ರಶ್ನೆ ಕೇಳಿದವರಿಂದ – ಪೀಣ್ಯದ ಎಂಜಿನಿಯರ್

ಎಲ್ಲರಿಗೂ ಕೃತಜ್ಞತೆಗಳು. ನನ್ನ ಹೆಂಡತಿ ಅನುದಾನಿತ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮೈಸೂರಿನ ತಾಯಿಯವರ ಮಾತಿನಂತೆ ಅವಳೊಂದಿಗೆ ಕೂತು ಲೆಕ್ಕ ಹಾಕಿದೆವು. ಅವಳ ಸಂಬಳದಲ್ಲಿ ಮನೆ ಖರ್ಚು ನಡೆಯುತ್ತದೆ, ಆದರೆ ಸಾಲದ ಕಂತು ಸೇರಿದರೆ ನಡೆಯುವುದಿಲ್ಲ. ಆದ್ದರಿಂದ ಬಾಕಿ ಅಸಲಿನ ಒಂದು ಪಾಲನ್ನು ತೀರಿಸಿ ಕಂತು ತಗ್ಗಿಸುವವರೆಗೆ ನಾನು ನೌಕರಿಯಲ್ಲಿ ಇರುತ್ತೇನೆ. ಕಂಪನಿಗೆ ಅನುಮತಿಯ ಪತ್ರ ಬರೆದು ಕೊಟ್ಟಿದ್ದೇನೆ. ಅಣ್ಣನನ್ನು ಒಪ್ಪಿಸುವುದು ಕಷ್ಟವಾಯಿತು. ಫೆಲೋಶಿಪ್ ಸಿಗುವುದಾದರೆ ಮಗ ಒಂದು ವರ್ಷ ಇದರಲ್ಲೇ ತೊಡಗಿಕೊಳ್ಳಲಿ ಎಂದಿದ್ದಾನೆ, ಸಿಗದಿದ್ದರೆ ನೌಕರಿ ಹುಡುಕಬೇಕೆಂಬುದು ಅವನ ಷರತ್ತು.

ವಕೀಲರಿಗೆ ಒಂದು ಪ್ರಶ್ನೆ. ಮೊದಲ ಮಾದರಿಯನ್ನು ಹುಡುಗ ತನ್ನ ಮನೆಯಲ್ಲಿ ಸ್ವಂತ ಹಣದಿಂದ ಕಟ್ಟಿದ. ಯಾವ ಕಂಪನವನ್ನು ಅಳೆಯಬೇಕೆಂದು ಹೇಳಿದ್ದು ಮಾತ್ರ ನಾನು. ಕಂಪನಿಯ ಉತ್ತರ ಬರುವ ಮೊದಲೇ ಅವನ ಹೆಸರಿನಲ್ಲಿ ಪೇಟೆಂಟಿಗೆ ತಾತ್ಕಾಲಿಕ ಅರ್ಜಿ ಹಾಕಬಹುದೇ, ಅಥವಾ ಕಾಯಬೇಕೇ?

ಉತ್ತರ – ವಕೀಲೆ, ಬೆಂಗಳೂರು

ಕಾಯಿರಿ. ಆವಿಷ್ಕಾರಕ್ಕೆ ಕಾರಣವಾದ ತಿಳಿವಳಿಕೆ ನಿಮ್ಮದಾಗಿದ್ದರೆ ಅರ್ಜಿಯಲ್ಲಿ ನಿಮ್ಮ ಹೆಸರೂ ಇರಬೇಕಾಗುತ್ತದೆ. ಅದನ್ನು ಬಿಟ್ಟು ಸಲ್ಲಿಸಿದ ಅರ್ಜಿ ಮುಂದೆ ಇಬ್ಬರಿಗೂ ತೊಂದರೆ ತರಬಹುದು. ಅಲ್ಲಿಯವರೆಗೆ ಸಾಧನದ ವಿವರಗಳನ್ನು ಪ್ರದರ್ಶನಗಳಲ್ಲಾಗಲಿ ಅಂತರ್ಜಾಲದಲ್ಲಾಗಲಿ ಪ್ರಕಟಿಸಬೇಡಿ. ಶೆಡ್ ಮಾಲೀಕರಿಗೆ ತೋರಿಸುವ ಮೊದಲು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಿ, ಒಂದು ಪುಟದ್ದಾದರೂ ಸಾಕು. ನೇಮಕಾತಿ ಪತ್ರದಲ್ಲಿ ಆವಿಷ್ಕಾರಗಳ ಬಗ್ಗೆ ಇರುವ ಷರತ್ತಿನ ಪ್ರತಿಯನ್ನು ನಿಮ್ಮ ಊರಿನ ಯಾವುದಾದರೂ ಪೇಟೆಂಟ್ ಏಜೆಂಟರಿಗೆ ಈಗಲೇ ತೋರಿಸಿ, ಕಂಪನಿಯ ಉತ್ತರ ಬಂದ ದಿನವೇ ಅರ್ಜಿ ಸಿದ್ಧವಿರುವಂತೆ ನೋಡಿಕೊಳ್ಳಿ.